ಇನ್ನೊಂದು ಹೆಂಟೆ

ಕ್ರಿಸ್ತಶಕ ೨೨೩೧, ಹೂಳುಗಾಲದ ನಡುಭಾಗ, ಮಂಗಳವಾರ ಮಧ್ಯಾಹ್ನ. ಹಳೆಯ ಆಣೆಕಟ್ಟಿನ ಒಳಸುರಂಗ. ಮಕ್ಕಳ ಕಲಿಕೆಯ ಕೇಂದ್ರಕ್ಕೆ ಇಂದು ರಜೆ. ನಾನೊಬ್ಬಳೇ ಇದ್ದೇನೆ.

ನನಗಿಂತ ಬಹಳ ಮೊದಲು ಬದುಕಿದವರಿಗೆ ನಮಸ್ಕಾರ.

ಮೇಲಿನ ವರ್ಷವನ್ನು ನೀವು ನಂಬಲಾರಿರಿ. ನನ್ನ ಕೆಲವು ಪದಗಳೂ ನಿಮಗೆ ಹೊಸದಾಗಿ ಕಾಣುತ್ತವೆ. ನಿಮ್ಮ ಕನ್ನಡವನ್ನು ನಾನು ಓದಿ ಕಲಿತೆನೇ ಹೊರತು ಕೇಳಿ ಕಲಿಯಲಿಲ್ಲ. ತಪ್ಪಿದ್ದರೆ ಕ್ಷಮಿಸಿ. ಹೊಸ ಪದ ಬಂದ ಕಡೆ ನಿಂತು ವಿವರಿಸುತ್ತೇನೆ. ಮೊದಲನೆಯದು ಈ ಕಾಗದದ ಹೆಸರೇ. ಇದನ್ನು ನಾವು ಹಿಂಬರಹ ಎನ್ನುತ್ತೇವೆ. ಆಣೆಕಟ್ಟಿನ ಅಂಚಿನ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಕಷ್ಟದ ಕೆಲಸವೊಂದಕ್ಕೆ ಕೈಹಾಕುವವರು ಅದಕ್ಕೆ ಮುಂಚೆ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು ಗ್ರಂಥಾಲಯದಲ್ಲಿಟ್ಟು ಹೋಗುತ್ತಾರೆ. ಬದುಕಿರುವವರಿಗೆ ಹೇಳಿದರೆ ಬೇಡ ಎನ್ನುತ್ತಾರೆ, ಇಲ್ಲವೇ ಭೇಷ್ ಎನ್ನುತ್ತಾರೆ. ಎರಡರಿಂದಲೂ ಮನಸ್ಸು ಅಲುಗುತ್ತದೆ. ನೀವು ಏನನ್ನೂ ಹೇಳಲಾರಿರಿ, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಹಿಂದಿನವರಲ್ಲಿ ನಿಮ್ಮನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಿಮ್ಮ ಕಾಲದ ಒಂದು ಚಿತ್ರ ನಮ್ಮ ಗ್ರಂಥಾಲಯದಲ್ಲಿದೆ. ಅರ್ಧ ಕಟ್ಟಿದ ದೊಡ್ಡ ಕಟ್ಟಡ, ಅದರ ಪಕ್ಕದಲ್ಲಿ ತಗಡಿನ ಶೆಡ್ಡು, ಸಿಮೆಂಟಿನ ಖಾಲಿ ಚೀಲ ಹಾಸಿಕೊಂಡು ಕೂತ ಮಕ್ಕಳು, ಅವರ ನಡುವೆ ಕುಕ್ಕರಗಾಲಲ್ಲಿ ಕೂತು ಪಾಟಿಯ ಮೇಲೆ ಏನನ್ನೋ ತೋರಿಸುತ್ತಿರುವ ಒಬ್ಬ ಹೆಂಗಸು. ಕೂಲಿಯವರ ಮಕ್ಕಳಿಗೆ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಕಲಿಸುವವರು ಎಂದು ಕೆಳಗೆ ಬರೆದಿದೆ. ಹೆಸರಿಲ್ಲ. ನಾನೂ ಅದೇ ಕೆಲಸ ಮಾಡುತ್ತೇನೆ. ವಾರದಲ್ಲಿ ಮೂರು ದಿನ ಊರಿನ ಬೀಜ ಪರೀಕ್ಷೆಯ ಮನೆಯಲ್ಲಿ ಕಾಳು ಆರಿಸುತ್ತೇನೆ. ಉಳಿದ ದಿನ ಇಳಿದು ಇಲ್ಲಿಗೆ ಬರುತ್ತೇನೆ.

ಇಲ್ಲಿ ಎಂದರೆ ಜಲಾಶಯದ ತಳ. ನಿಮ್ಮ ಕಾಲದಲ್ಲಿ ಇಲ್ಲಿ ನೀರು ನಿಲ್ಲುತ್ತಿತ್ತು. ಈಗ ಆಣೆಕಟ್ಟಿನ ಕುತ್ತಿಗೆಯವರೆಗೆ ಹೂಳು ತುಂಬಿದೆ. ಎತ್ತರದ ಊರುಗಳ ಹೊಲಗಳಲ್ಲಿ ಮಣ್ಣು ಉಳಿದಿಲ್ಲವಾದ್ದರಿಂದ ಈ ಹೂಳನ್ನೇ ಕಡಿದು ಮೇಲಕ್ಕೆ ಸಾಗಿಸುತ್ತಾರೆ. ಮಳೆ ನಿಂತು ಹೂಳು ಬಿಗಿಯಾದಾಗಿನಿಂದ ಮುಂದಿನ ಮಳೆ ಬರುವ ತನಕದ ತಿಂಗಳುಗಳಿಗೆ ಹೂಳುಗಾಲ ಎಂದು ಹೆಸರು. ಆಗ ಎಲ್ಲೆಲ್ಲಿಂದಲೋ ಕುಟುಂಬಗಳು ಬಂದು ತಳದಲ್ಲಿ ಗುಡಿಸಲು ಹಾಕುತ್ತವೆ. ಮೇಸ್ತ್ರಿಯೊಬ್ಬನ ಕೈಕೆಳಗೆ ಒಂದೊಂದು ತಂಡ. ಹೂಳಿನೊಳಗೆ ಆಳವಾಗಿ, ಇಕ್ಕಟ್ಟಾಗಿ ತೋಡಿಕೊಂಡು ಹೋಗುವ ಓಣಿಗೆ ಕಣಿ ಎನ್ನುತ್ತಾರೆ. ಕಣಿಯ ಎರಡೂ ಗೋಡೆಗಳಿಂದ ಚೌಕವಾಗಿ ಕಡಿದು ತೆಗೆಯುವ ಮಣ್ಣಿನ ಗಡ್ಡೆಯೇ ಹೆಂಟೆ. ತಂಡದ ದಿನ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಹೆಂಟೆಗಳ ಮೇಲೆ ನಿಂತಿದೆ. ಕೆಲಸ ನಸುಕಿಗೆ ಶುರುವಾಗಿ ಬಿಸಿಲೇರುವಾಗ ನಿಲ್ಲುತ್ತದೆ. ಮಧ್ಯಾಹ್ನ ಯಾರೂ ಬಯಲಿನಲ್ಲಿ ಇರಕೂಡದು ಎಂದು ಕಾಯಿದೆ. ಆ ಹೊತ್ತನ್ನು ಬಿಸಿಲಡಗು ಎನ್ನುತ್ತೇವೆ. ನಮ್ಮ ಕೇಂದ್ರ ನಡೆಯುವುದು ಆ ಹೊತ್ತಿನಲ್ಲಿ.

ಆಣೆಕಟ್ಟಿನ ಗೋಡೆಯ ಒಳಗೆ, ಹಿಂದೆ ಯಾರೋ ಸೋರಿಕೆ ನೋಡಲು ಓಡಾಡುತ್ತಿದ್ದ ಸುರಂಗವಿದೆ. ಕೇಂದ್ರ ಇರುವುದು ಅಲ್ಲಿ. ತಂಪಾಗಿದೆ, ಆದರೆ ಕತ್ತಲೆ. ಹೀಗಾಗಿ ಸುರಂಗದ ಬಾಯಲ್ಲಿ ಮಕ್ಕಳು ಸರದಿಯಂತೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಇದು ಕನ್ನಡಿ ಪಾಳಿ. ಪಾಳಿಯವರಿಗೆ ಸೆಖೆ, ಆದರೂ ಅದಕ್ಕೆ ಜಗಳ. ಸಿಟ್ಟು ಬಂದರೆ ಕನ್ನಡಿಯವರು ಬೇಕಾದವರ ಹಲಗೆಯ ಮೇಲಿನ ಬೆಳಕನ್ನು ಸರಿಸಿಬಿಡಬಹುದು. "ಅಕ್ಕಾರ, ನೋಡ್ರಿ, ನನ್ನ ಬೆಳಕು ಕಸಗೊಂಡ" ಎಂಬ ದೂರು ದಿನಕ್ಕೊಮ್ಮೆಯಾದರೂ ಬರುತ್ತದೆ. ಕೇಂದ್ರವನ್ನು ನಡೆಸುವವರು ಇಮಾಂಬಿ. ನನಗಿಂತ ಹಿರಿಯರು, ನಾನು ಆಪಾ ಎನ್ನುತ್ತೇನೆ. ತಪ್ಪು ಓದಿದ ಮಗುವಿಗೆ ಸರಿ ಎಂದು ಅವರು ಇಂದಿನವರೆಗೆ ಹೇಳಿಲ್ಲ. ಮಕ್ಕಳು ಅವರಿಗೆ ಹೆದರುತ್ತಾರೆ, ಮತ್ತು ಅವರ ಪಕ್ಕದಲ್ಲಿ ಕೂರಲು ನೂಕಾಡುತ್ತಾರೆ.

ಇಷ್ಟು ಮುಂದೆ ಬಂದ ಕಾಲದಲ್ಲೂ ಓದು ಬಾರದವರು ಇದ್ದಾರೆಯೇ ಎಂದು ನಿಮಗೆ ಅನ್ನಿಸಬಹುದು. ಹೆಚ್ಚಾಗಿದ್ದಾರೆ. ನಿಮ್ಮ ನಂತರದ ಕೆಲವು ತಲೆಮಾರು ಯಂತ್ರಗಳೇ ಎಲ್ಲವನ್ನೂ ಓದಿ ಹೇಳುತ್ತಿದ್ದವು. ದುಡಿಯುವವರ ಮನೆಗಳಲ್ಲಿ ಅಕ್ಷರ ಬೇಕಿಲ್ಲವೆನಿಸಿ ಮರೆತುಹೋಯಿತು. ಆಮೇಲೆ ಯಂತ್ರಗಳು ಮನುಷ್ಯರ ದನಿಯಲ್ಲಿ ಮಾತಾಡಿ ಆದ ಅನಾಹುತಗಳ ನಂತರ ಮೂಕ ಕಟ್ಟಳೆ ಬಂತು. ಯಾವ ಯಂತ್ರವೂ ದನಿ ತೆಗೆಯಕೂಡದು, ಹೇಳುವುದಿದ್ದರೆ ಬರೆಯಬೇಕು. ಓದು ಉಳಿಸಿಕೊಂಡಿದ್ದ ಮನೆಗಳಿಗೆ ಇದರಿಂದ ಏನೂ ಆಗಲಿಲ್ಲ. ಮರೆತವರಿಗೆ ಜಗತ್ತೇ ಒಂದು ದಿನ ಬಾಯಿ ಮುಚ್ಚಿಕೊಂಡಂತಾಯಿತು.

ನಮ್ಮಲ್ಲೊಂದು ಪದ್ಧತಿಯಿದೆ, ಓದಿನ ಗುರುವಾರ. ಮಗು ಒಂದು ಪುಟವನ್ನು ತಪ್ಪಿಲ್ಲದೆ ಓದಿದರೆ ಅದರ ಕೈಗೆ ಹಳದಿ ಪಟ್ಟಿ ಕಟ್ಟಿ ಗುಡಿಸಲಿನಿಂದ ಗುಡಿಸಲಿಗೆ ಕರೆದೊಯ್ಯುತ್ತೇವೆ. ಪ್ರತಿ ಗುಡಿಸಲಿನವರೂ ಏನಾದರೊಂದನ್ನು ಓದಲು ಕೊಡುತ್ತಾರೆ. ಸಾಬೂನಿನ ಹೊದಿಕೆ, ಔಷಧಿಯ ಡಬ್ಬಿ, ಎಲ್ಲೋ ಸಿಕ್ಕಿದ ತಗಡು. ಮಗು ಓದುತ್ತದೆ, ಅವರು ಒಂದು ಹಿಡಿ ಮಂಡಕ್ಕಿ ಕೊಡುತ್ತಾರೆ. ತನ್ನ ಪೆಟ್ಟಿಗೆಯ ಮೇಲೆ ದೇವರ ಹೆಸರಿದೆ ಎಂದುಕೊಂಡು ದಿನಾ ಕೈಮುಗಿಯುತ್ತಿದ್ದ ಮುದುಕಿಗೆ ಅದು "ಒದ್ದೆ ಮಾಡಬೇಡಿ" ಎಂದು ತಿಳಿದದ್ದು ಇಂಥ ಒಂದು ಗುರುವಾರ. "ಹೋಗ್ಲಿ ಬಿಡು, ಇಷ್ಟು ದಿನ ಒದ್ದಿ ಅಂತೂ ಮಾಡಿಲ್ಲ" ಎಂದು ನಕ್ಕಿದ್ದಳು. ತಳದಲ್ಲಿ ಅಷ್ಟು ಸಂತೋಷದ ಹೊತ್ತು ಬೇರೆ ಇಲ್ಲ. ಯಾವ ಮಗುವಿಗೆ ಓದು ಬಂತು ಎಂದು ಎಲ್ಲರಿಗೂ ಗೊತ್ತಾಗುವುದೂ ಹೀಗೆಯೇ. ಮೇಸ್ತ್ರಿಗಳಿಗೆ ಕೂಡ.

ಹೋದ ಹೂಳುಗಾಲದವರೆಗೆ ಅದರಿಂದ ತೊಂದರೆ ಇರಲಿಲ್ಲ. ಕಣಿಯ ಗೋಡೆ ಒಳಗಿನಿಂದ ಒದ್ದೆಯಾದರೆ ಜಾರಿ ಕುಸಿಯುತ್ತದೆ. ಅದನ್ನು ತಿಳಿಯಲು ಕಣಿಯ ಒಳತುದಿಯಲ್ಲಿ ಒಂದು ಮಾಪಕ ಇಡುತ್ತಾರೆ. ಮುಂಚಿನದರಲ್ಲಿ ಕೆಂಪು ದೀಪವೊಂದೇ ಇತ್ತು. ಹತ್ತಿದರೆ ಎಲ್ಲರೂ ಹೊರಗೆ. ಈ ಸಲ ಬಂದದ್ದು ದೀಪವಿಲ್ಲದ, ಬರೆಯುವ ಮಾಪಕ. ಯಾವ ಗೋಡೆ, ಎಷ್ಟೆತ್ತರಕ್ಕೆ ಒದ್ದೆ, ಕೊನೆಗೆ ಏನು ಮಾಡಬೇಕು ಎಂದು ಬರೆಯುತ್ತದೆ. ಕೂಲಿಯವರು ಅದನ್ನು ಬರಿಯೋ ಡಬ್ಬಿ ಎನ್ನುತ್ತಾರೆ. ಎಡಗೋಡೆ ಒದ್ದೆಯಾದರೆ ಬಲಗೋಡೆ ಕಡಿಯಬಹುದು, ಹೊರಗೆ ಓಡಬೇಕಿಲ್ಲ. ಆದರೆ ಓದಲು ಒಬ್ಬರು ಒಳಗಿರಬೇಕು. ಕಣಿಯೊಳಗೆ ಇಷ್ಟೇ ದೊಡ್ಡವರು ಇರಬಹುದೆಂದು ಮಿತಿಯಿದೆ. ದೊಡ್ಡವರೊಬ್ಬರನ್ನು ಓದಲು ನಿಲ್ಲಿಸಿದರೆ ಕಡಿಯುವ ಒಂದು ಜೊತೆ ಕೈ ಕಡಿಮೆಯಾಗುತ್ತದೆ. ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಮೇಸ್ತ್ರಿಗಳು ಹಳದಿ ಪಟ್ಟಿಯ ಮಕ್ಕಳ ಗುಡಿಸಲು ಹುಡುಕಿಕೊಂಡು ಹೋಗತೊಡಗಿದರು.

ಯಂಕೋಬ ಎಂಬ ಮೇಸ್ತ್ರಿಯ ತಂಡಕ್ಕೆ ಮೊದಲು ಹೋದವಳು ಮರಿಯವ್ವ. ಹದಿಮೂರರ ಹುಡುಗಿ, ನಮ್ಮಲ್ಲಿ ಚೆನ್ನಾಗಿ ಓದುತ್ತಿದ್ದವಳು. ಮೂರು ವಾರದ ಹಿಂದೆ ಆ ಕಣಿಯ ಬಲಗೋಡೆ ಕುಸಿಯಿತು. ಕಡಿಯುವವನೊಬ್ಬ ಸತ್ತ. ಮರಿಯವ್ವ ಎದೆಯವರೆಗೆ ಹೂತಿದ್ದಳು, ಎಳೆದು ತೆಗೆದರು. ಹುಡುಗಿ ತಪ್ಪು ಓದಿದಳು ಎಂದು ತಳವೆಲ್ಲ ಮಾತಾಯಿತು. ಅವಳು ಏನನ್ನೂ ಹೇಳಲಿಲ್ಲ. ಕೇಂದ್ರಕ್ಕೆ ಬಂದರೆ ಹಲಗೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಇಮಾಂಬಿ ಆ ವಾರದಿಂದ ಓದಿನ ಪರೀಕ್ಷೆಯನ್ನು ಬಿಗಿ ಮಾಡಿದರು. ಬೆಳಕು ಅಲುಗುವಾಗ, ಸುತ್ತ ಗದ್ದಲವಿರುವಾಗ, ತಡವರಿಸದೆ ಓದಬೇಕು. ಮಕ್ಕಳ ಜೀವ ಉಳಿಸಲು ಇರುವ ದಾರಿ ಅದೊಂದೇ ಎಂದು ಅವರ ನಂಬಿಕೆ.

ನಾನು ಮೇಲೆ ಊರಿಗೆ ಹೋಗಿ ಕೂಲಿ ಕಾಯಿದೆ ನೋಡಿಕೊಳ್ಳುವ ಅಧಿಕಾರಿಯನ್ನು ಕಂಡೆ. ಸಜ್ಜನ. ನೀರು ಕೊಟ್ಟು ಕೂರಿಸಿದರು. ಮಕ್ಕಳು ಕಡಿಯಬಾರದು, ಹೊರಬಾರದು, ತೋಡಬಾರದು ಎಂದು ಕಾಯಿದೆಯನ್ನು ಓದಿ ಹೇಳಿದರು. "ಆ ಹುಡುಗಿಯ ಕೈಯಲ್ಲಿ ಏನಾದರೂ ಇತ್ತೇನಮ್ಮ?" ಎಂದು ಕೇಳಿದರು. ಇರಲಿಲ್ಲ ಎಂದೆ. "ಹಾಗಾದರೆ ಅವಳು ಓದುತ್ತಿದ್ದಳು, ಅಷ್ಟೆ" ಎಂದರು.

ಮೊನ್ನೆ ಯಂಕೋಬ ಸುರಂಗದ ಬಾಯಿಗೆ ಬಂದ. ಕೆಟ್ಟ ಮನುಷ್ಯನೆಂದು ತಿಳಿಯಬೇಡಿ. ಅವನೂ ಕಣಿಯಲ್ಲಿ ಕಡಿದು ಬೆಳೆದವನೇ. ತಂಡದಲ್ಲಿ ಯಾರಿಗೆ ಜ್ವರ ಬಂದರೂ ಹೊತ್ತುಕೊಂಡು ಮೇಲೆ ಹತ್ತುವವನು ಅವನೇ.

"ಏನ್ರಿ ಅಕ್ಕಾರ, ನಮ್ಮ ಹುಲಿಗಿ ಎಲ್ಲಿತನ ಬಂದಾಳ?" ಎಂದ, ಗಿಡದಲ್ಲಿರುವ ಹಣ್ಣನ್ನು ವಿಚಾರಿಸುವವನ ಹಾಗೆ.

ಹುಲಿಗಿ, ಅಂದರೆ ಹುಲಿಗೆಮ್ಮ, ಹನ್ನೊಂದು ವರ್ಷದವಳು. ಅವಳ ಅಪ್ಪ ಸಣ್ಣೀರಪ್ಪ ಯಂಕೋಬನ ತಂಡದಲ್ಲೇ ಕಡಿಯುತ್ತಾನೆ. ಬರುವ ಗುರುವಾರ ಅವಳ ಓದಿನ ದಿನ.

"ಇನ್ನಾ ಸಣ್ಣಾಕಿ ಯಂಕೋಬಣ್ಣ. ಕಣ್ಯಾಗ ಕಳಸಂಗಿಲ್ಲ" ಎಂದೆ.

"ನಾ ಏನ್ ಹೆಂಟಿ ಹೊರಸ್ತೀನೇನ್ರಿ? ನಿಂತು ಓದೂದು." ಅವನು ಸುರಂಗದ ಬಾಯಿಯ ಮೇಲಿನ ಬರಹವನ್ನು ನೋಡಿದ. ಅದು ಇಮಾಂಬಿ ಬರೆಸಿದ್ದು. "ಏ ಹುಲಿಗೀ, ಇಲ್ಲೇನ್ ಬರದಾರ ಓದ ನೋಡೂಣು."

ಕನ್ನಡಿ ಪಾಳಿಯಲ್ಲಿದ್ದ ಹುಲಿಗಿ ತಲೆಯೆತ್ತಿ, ಒಂದೇ ಉಸಿರಿಗೆ ಓದಿದಳು. "ಓದು ಅಂದರೆ ಆಟ."

"ಆಟಂತ! ಕೇಳಿದ್ರಿಲ್ಲ? ನೀವ ಬರಸೀರಿ. ಆಟ ಆಡೂದ್ನ ದುಡಿಮಿ ಅಂತ ಯಾರರ ಅಂತಾರೇನ್ರಿ?" ಎಂದು ನಕ್ಕ. ನಂತರ ನಗು ನಿಲ್ಲಿಸಿ ಮೆಲ್ಲಗೆ ಹೇಳಿದ. "ಓದವರಿಲ್ಲದ ನನ್ನ ಮಂದಿ ಈಗ ಕುರುಡರಂಗ ಒಳಗ ಹೊಂಟಾರ್ರಿ. ಅದ್ರಾಗ ಈಕಿ ಅಪ್ಪನೂ ಅದಾನ. ನೀವು ಹುಡುಗಿನ ಇಟಗೊಂಡು ಅಪ್ಪನ್ನ ಕಳಕೊಳ್ಳಂಗ ಮಾಡಬ್ಯಾಡ್ರಿ."

ಅವನು ಹೇಳಿದ್ದು ನಿಜ. ಹುಲಿಗಿಯನ್ನು ಕಳಿಸಿದರೆ ಅವಳು ಮಾಪಕದ ಪಕ್ಕ, ಕಣಿಯ ತೀರ ಒಳತುದಿಯಲ್ಲಿ, ಓಡಿಬರಲು ಎಲ್ಲರಿಗಿಂತ ಹೆಚ್ಚು ದೂರವಿರುವ ಜಾಗದಲ್ಲಿ ನಿಲ್ಲಬೇಕು. ಕಳಿಸದಿದ್ದರೆ ಅವಳ ಅಪ್ಪ ಏನೂ ತಿಳಿಯದೆ ಕಡಿಯಬೇಕು. ಕಳಿಸುವುದಿಲ್ಲ ಎಂದು ನಾವು ಹಟ ಹಿಡಿದರೆ ಮೇಸ್ತ್ರಿಗಳು ಒಂದು ಮಾತು ಹೇಳಿದರೆ ಸಾಕು, ಒಂದು ಮಗುವೂ ಸುರಂಗಕ್ಕೆ ಬರುವುದಿಲ್ಲ.

ಅವನು ಹೋದ ಮೇಲೆ ಹುಲಿಗಿಯ ಅವ್ವ ಗಂಗಮಾಳಿ ಬಂದಳು. ಸುರಂಗದ ಕೊನೆಯಲ್ಲಿ ಜಿನುಗುವ ನೀರಿಗೆ ಕೊಡ ಒಡ್ಡಿಟ್ಟು, ಅದು ತುಂಬುವ ತನಕ ಕಾದಳು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗುರುವಾರ ನಮ್ಮ ಹುಡುಗಿ ತಪ್ಪು ಓದಿದ್ಲು ಅಂತ ಅನ್ರಿ."

"ಆಕಿ ತಪ್ಪು ಓದಂಗಿಲ್ಲ, ಗಂಗಮಾಳಿ."

"ಅದು ನಂಗ ಗೊತ್ತಿಲ್ಲೇನ್ರಿ? ಅಕ್ಕಿಚೀಲದ ಮ್ಯಾಲಿಂದು, ಬೆಂಕಿಪೆಟ್ಟಿಗಿ ಮ್ಯಾಲಿಂದು, ಎಲ್ಲಾ ಓದಿ ಓದಿ ನನ್ನ ತಲಿ ತಿಂದಾಳ. ಆಕಿ ಸರಿ ಓದ್ತಾಳ ಅಂತನ ನಿಮ್ಮ ಕಾಲಿಗೆ ಬಿದ್ದೀನಿ. ಆಕಿ ಸರಿ ಓದ್ಲಿ, ನೀವು ತಪ್ಪನ್ರಿ. ನಿಮ್ಮ ಮಾತಂದ್ರ ಮೇಸ್ತ್ರಿ ನಂಬ್ತಾನ."

ಇದನ್ನು ಇಮಾಂಬಿಗೆ ಹೇಳಿದೆ. ಅವರು ಹಲಗೆ ಒರೆಸುತ್ತಿದ್ದವರು ತಿರುಗಲೂ ಇಲ್ಲ.

"ಸರಿ ಓದಿದಾಕಿಗೆ ತಪ್ಪು ಅಂದ್ರ, ನಾಳಿಂದ ಯಾವ ಮಗು ನನ್ನ ಮಾತು ನಂಬ್ತದ?"

"ಆಕಿ ಉಳಿದ್ರ ಸಾಕಲ್ಲ ಆಪಾ."

"ಉಳೀಬೇಕಂದ್ರ ಚಲೋತಂಗ ಓದಾಕ ಕಲಸು. ಮರಿಯವ್ವ ತಡವರಿಸಿದ್ಲು. ಈಕಿ ತಡವರಸಂಗಿಲ್ಲ."

ನಾನು ದನಿ ಏರಿಸಿದೆ. ಅವರೂ ಏರಿಸಿದರು. ಕಲ್ಲಿನ ಸುರಂಗದಲ್ಲಿ ಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದು ನಮ್ಮಿಬ್ಬರಿಗೂ ನೆನಪಿರಲಿಲ್ಲ. ಹಲಗೆಯ ಮೇಲಿನ ಬೆಳಕು ಅಲುಗತೊಡಗಿದಾಗ ತಿರುಗಿ ನೋಡಿದೆ. ಹುಲಿಗಿ ಕನ್ನಡಿ ಹಿಡಿದೇ ನಿಂತಿದ್ದಳು. ಮಕ್ಕಳೆಲ್ಲ ಹೋದ ಮೇಲೆ ಹತ್ತಿರ ಬಂದು ಕೇಳಿದಳು. "ಅಕ್ಕಾರ, ಗುರುವಾರ ನಾ ತಪ್ಪು ಓದ್ಲೇನ್ರಿ?" ನಾನು ಅವಳ ಕೈಯಿಂದ ಕನ್ನಡಿ ತೆಗೆದುಕೊಂಡೆ. "ಯಾವ ಶಬ್ದ ತಪ್ಪಲಿ ಹೇಳ್ರಿ. ನಾ ಅದನ್ನ ಮನ್ಯಾಗ ಕಲತು ಬರ್ತೀನಿ."

ನಿಮ್ಮಲ್ಲಿ ಯಾರಿಗಾದರೂ ಒಂದು ಮಗು ಹೀಗೆ ಕೇಳಿದ್ದಿದ್ದರೆ ನೀವೇನು ಹೇಳುತ್ತಿದ್ದಿರೋ ತಿಳಿಯದು. ನಾನು ಅವಳಿಗೆ ಮನೆಗೆ ಹೋಗು ಎಂದೆ.

ಇವತ್ತು ಬೆಳಿಗ್ಗೆ ಸಣ್ಣೀರಪ್ಪ ತಾನಾಗಿ ಬಂದ. ಮಂಗಳವಾರ ಕಣಿಗಳಿಗೂ ರಜೆ. ಅವನು ಒಳಗೆ ಬರಲಿಲ್ಲ. ನಮ್ಮ ಕೇಂದ್ರಕ್ಕೆ ದೊಡ್ಡವರು ಬರುವ ರೂಢಿಯಿಲ್ಲ. ದುಡಿದು ದಣಿದವರಿಗೆ ಕಲಿಯಲು ಆಗುವುದಿಲ್ಲ ಎಂದು ಮೊದಲಿನಿಂದ ಮಕ್ಕಳನ್ನು ಮಾತ್ರ ಕೂರಿಸುತ್ತ ಬಂದಿದ್ದೇವೆ. ಬಾಗಿಲ ಕಲ್ಲಿನ ಮೇಲೆ ಕೂತು, ಹೆಬ್ಬೆರಳಿಂದ ಅಂಗೈಯ ದಡ್ಡನ್ನು ಕೆರೆಯುತ್ತ, ನನ್ನ ಮುಖ ನೋಡದೆ ಹೇಳಿದ.

"ಮರಿಯವ್ವ ತಪ್ಪು ಓದಿಲ್ರಿ."

"ಏನಂದಿ?"

"ಸರಿ ಓದಿದ್ಲು. ಬಲಗೋಡಿ, ಎದಿಮಟ, ಒದ್ದಿ, ಹಿಂದ ಸರೀರಿ ಅಂತ. ಜೋರ ದನಿ ತಗದು ಓದಿದ್ಲು. ನಾ ಕೇಳೀನಿ. ಎಲ್ಲಾರೂ ಕೇಳೀವಿ."

"ಮತ್ತ ಯಾಕ ಹೊರಗ ಬರಲಿಲ್ಲ?"

"ಅರ್ಧ ಕಡದಿತ್ರಿ. ಇನ್ನೊಂದು ಹೆಂಟಿ, ಬಂದ್ವಿ ತಡಿ ಅಂದ್ವಿ. ಆಕಿ ಮತ್ತ ಓದಿದ್ಲು. ಇನ್ನೊಂದು ಅಂದ್ವಿ. ನೀವ ಹೇಳ್ರಿ, ಮನ್ಯಾಗ ಹುಡುಗಿ ಬಾ ಅಂದ್ರ ಕೈಯಾಗಿನ ಕೆಲಸ ಬಿಟ್ಟು ಏಳ್ತೀವೇನ್ರಿ? ಆಮ್ಯಾಲ ಮಂದಿ ಕೇಳಿದಾಗ... ಯಾರೂ ಬಾಯಿ ಬಿಡಲಿಲ್ಲ. ಸತ್ತವನ ಹೆಂಡತಿ ಎದುರಿಗೆ ಕುಂತಿದ್ಲು."

ಇಷ್ಟು ದಿನ ಯಂಕೋಬ, ಇಮಾಂಬಿ, ನಾನು, ಮೂವರೂ ಓದು ಸರಿಯೋ ತಪ್ಪೋ ಎಂಬುದರ ಮೇಲೆಯೇ ಜಗಳವಾಡಿದ್ದೆವು. ಹುಲಿಗಿ ಎಷ್ಟೇ ಸರಿಯಾಗಿ ಓದಲಿ, ಓದುವುದು ಹುಲಿಗಿಯ ದನಿಯಲ್ಲಿ. ಆ ದನಿಗೆ ಯಾರೂ ಹಾರೆ ಕೆಳಗಿಡುವುದಿಲ್ಲ.

"ಸಣ್ಣೀರಪ್ಪ, ನೀನ ಓದಾಕ ಕಲತ್ರ?" ಎಂದೆ. "ಡಬ್ಬಿ ಬರಿಯೂದು ಒಂದು ಹಿಡಿ ಶಬ್ದ. ಅವನ್ನಷ್ಟ ಕಲತ್ರ ಸಾಕು. ಹುಲಿಗೀನ ಕಲಸ್ತಾಳ."

"ಬಿಸಿಲಡಗಿನಾಗ ಬಂದು ಕುಂತ್ರೂ ಒಂದ ದಿನಕ್ಕ ಓದು ಬರಂಗಿಲ್ರಿ. ನಾ ಕಲಿಯೂ ತನಕ ಒಳಗ ಓದವರು ಯಾರು? ಮತ್ತ ಆಕಿನ."

"ನಿನ್ನ ಜಾಗಕ್ಕ ನಾ ಬಂದ್ರ?"

ಅವನು ಮೊದಲ ಬಾರಿಗೆ ನನ್ನನ್ನು ನೋಡಿದ, ಮತ್ತು ನಕ್ಕುಬಿಟ್ಟ. "ನಿಮ್ಮ ಕೈ ನೋಡ್ಕೋರಿ ಅಕ್ಕಾರ. ಕಾಳು ಆರಸೂ ಕೈ. ಒಂದು ಹೆಂಟಿ ಕಡಿಯೂದ್ರಾಗ ಸಂಜಿ ಆಗ್ತದ."

ನಾನು ನಗಲಿಲ್ಲ. ಅವನೂ ನಿಲ್ಲಿಸಿದ. ಕಣಿಗೆ ಇಳಿಯುವ ಪ್ರತಿ ದೊಡ್ಡವರಿಗೂ ತಾಮ್ರದ ಬಿಲ್ಲೆಯೊಂದಿರುತ್ತದೆ. ಬಿಲ್ಲೆಯಿಲ್ಲದೆ ಇಳಿಯುವಂತಿಲ್ಲ. ಕಾಯಿಲೆಯೋ ಬಾಣಂತನವೋ ಬೇರೆ ಯಾವ ಅಡಚಣೆಯೋ ಆದಾಗ ಒಡಹುಟ್ಟಿದವರು ಅದನ್ನು ಹಾಕಿಕೊಂಡು ಇಳಿಯಬಹುದು. ಅದಕ್ಕೆ ಯಾವ ಮೇಸ್ತ್ರಿಯೂ ತಡೆ ಹಾಕುವುದಿಲ್ಲ. ಸಣ್ಣೀರಪ್ಪ ತನ್ನ ಕೊರಳಿನ ಬಿಲ್ಲೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದ.

"ಇಷ್ಟು ವರ್ಷ ಅಕ್ಕಾ ಅಂತನ ಕರದೀನಿ" ಎಂದ. "ನಾಳಿ ಮೇಸ್ತ್ರಿ ಮುಂದನೂ ಹಂಗ ಅಂತೀನಿ. ಎಡಗೋಡಿ ಕಡಿಯೂ ಇಬ್ಬರು ನನ್ನ ದೋಸ್ತರು. ನಿಮ್ಮ ಪಾಲಿನ ಹೆಂಟಿ ಅವರು ಹಂಚಿಕೊಂಡು ಕಡೀತಾರ. ನೀವು ಡಬ್ಬಿ ಹತ್ರ ನಿಂದರ್ರಿ. ಆದ್ರ ಒಂದ ಮಾತ್ರಿ. ಹಿಂದ ಸರೀರಿ ಅಂತ ಅದು ಬರದ ಕೂಡ್ಲೆ ನೀವು ಓದಿ ನಿಂದರಬ್ಯಾಡ್ರಿ. ನಡದಬಿಡ್ರಿ. ಹುಡುಗಿ ನಡದ್ರ ಅಂಜಿದ್ಲು ಅಂತಾರ. ದೊಡ್ಡವರು, ಅದೂ ಓದಿದವರು ಹಾರಿ ಒಗದು ನಡದ್ರ, ಹಿಂದ ನೋಡದ ಎಲ್ಲಾರೂ ನಡೀತಾರ."

ಅವನು ಹೋದ ಮೇಲೆ ಮರಿಯವ್ವನ ಗುಡಿಸಲಿಗೆ ಹೋದೆ. ಅವಳು ಶೇಂಗಾ ಸುಲಿಯುತ್ತಿದ್ದಳು. ನಾನೂ ಕೂತು ಸುಲಿದೆ. ನೀನು ಸರಿ ಓದಿದ್ದೆ ಎಂದು ಗೊತ್ತಾಯಿತು ಎಂದೆ. ಅವಳ ಕೈ ನಿಲ್ಲಲಿಲ್ಲ. ಮೊರದ ತುಂಬ ಸಿಪ್ಪೆಯಾದ ಮೇಲೆ "ಎಲ್ಲಾ ಶಬ್ದ ಹೇಳ್ಲ್ಯಾ?" ಎಂದಳು. ಮಾಪಕ ಬರೆಯುವ ಪದಗಳನ್ನು ಒಂದೊಂದಾಗಿ ಹೇಳಿದಳು. ಉಸಿರಿನ ಹಬೆಗೆ ಗಾಜು ಮಸುಕಾಗುತ್ತದೆ, ತೋಳಿನಿಂದ ಒರೆಸಿಕೊಳ್ಳಬೇಕು. ಕೊನೆಯ ಪದ ಬದಲಾಗುತ್ತಿರುತ್ತದೆ, ಮೊದಲು ಅದನ್ನೇ ನೋಡಬೇಕು. ಇಷ್ಟು ಹೇಳಿ, "ನಮ್ಮ ಅಪ್ಪಗ ಹೇಳಬ್ಯಾಡ್ರಿ" ಎಂದಳು. ಸರಿ ಓದಿದ್ದನ್ನೋ, ನನಗೆ ಪದ ಹೇಳಿಕೊಟ್ಟಿದ್ದನ್ನೋ ಎಂದು ನಾನು ಕೇಳಲಿಲ್ಲ.

ನನಗೆ ಹೆದರಿಕೆ ಇದೆ. ಕಣಿಯನ್ನು ಮೇಲಿನಿಂದ ನೋಡಿದ್ದೇನೆಯೇ ಹೊರತು ಇಳಿದಿಲ್ಲ. ಭುಜಕ್ಕೆ ಎರಡೂ ಗೋಡೆ ತಾಗುವಷ್ಟು ಇಕ್ಕಟ್ಟು ಎನ್ನುತ್ತಾರೆ. ಯಂಕೋಬ ನನ್ನನ್ನು ಕಣಿಯ ಬಾಯಲ್ಲೇ ತಡೆದು ಕಳಿಸಬಹುದು. ಒಳಗೆ ಬಿಟ್ಟು, ಕೆಲಸ ನಿಂತಾಗ ಹೆಂಟೆ ಕಡಿಮೆಯಾದ ಸಿಟ್ಟಿನಲ್ಲಿ ಮಕ್ಕಳನ್ನು ಸುರಂಗಕ್ಕೆ ಕಳಿಸಬೇಡಿ ಎಂದು ತಂಡಕ್ಕೆಲ್ಲ ಹೇಳಬಹುದು. ಆಗ ಇಮಾಂಬಿಯ ಇಷ್ಟು ವರ್ಷದ ಕೆಲಸ ನನ್ನೊಬ್ಬಳ ತೀರ್ಮಾನದಿಂದ ಮುಗಿದುಹೋಗುತ್ತದೆ. ಸಣ್ಣೀರಪ್ಪನ ಲೆಕ್ಕಾಚಾರವೇ ತಪ್ಪಿರಬಹುದು. ನಾನು ನಡೆದರೂ ಅವರು ನಡೆಯದಿರಬಹುದು. ಇದೆಲ್ಲವನ್ನೂ ಬೆಳಗಿನಿಂದ ಯೋಚಿಸಿದ್ದೇನೆ. ಮಗುವನ್ನು ಕಳಿಸುವುದಕ್ಕಿಂತ, ಓದು ಬಂದ ಮಗುವಿಗೆ ಬರುವುದಿಲ್ಲ ಎಂದು ಊರೆದುರು ಹೇಳುವುದಕ್ಕಿಂತ ಮೇಲಾದ ದಾರಿ ಇದಲ್ಲದೆ ಬೇರೊಂದು ನನಗೆ ಕಂಡಿಲ್ಲ.

ತಗಡಿನ ಶೆಡ್ಡುಗಳಲ್ಲಿ ಕೂತಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮಗುವೊಂದು ಮೊದಲ ವಾಕ್ಯವನ್ನು ಓದಿದ ದಿನ ಚಪ್ಪಾಳೆ ತಟ್ಟಿ. ತಟ್ಟಲೇಬೇಕು. ಆಮೇಲೆ ತಲೆಯೆತ್ತಿ, ಜೊತೆಗೆ ಚಪ್ಪಾಳೆ ತಟ್ಟುತ್ತಿರುವ ಇನ್ನೊಬ್ಬರು ಯಾರು, ಅವರು ಯಾತಕ್ಕಾಗಿ ಕಾದಿದ್ದರು ಎಂದು ನೋಡಿ. ಮಗುವಿನ ಅಪ್ಪ ಅವ್ವ ಬಾಗಿಲಲ್ಲಿ ಕೂತಿದ್ದರೆ ಒಳಗೆ ಕರೆಯಿರಿ. ದಣಿದವರು ಕಲಿಯಲಾರರು ಎಂದು ಅವರ ಪರವಾಗಿ ನೀವೇ ತೀರ್ಮಾನಿಸಬೇಡಿ. ನಿಮ್ಮಿಂದ ನಮಗೆ ಬಂದ ಒಳ್ಳೆಯದು ಬಹಳ. ದೊಡ್ಡವರನ್ನು ಹೊರಗೆ ಕೂರಿಸುವ ಈ ರೂಢಿಯೂ ಅದರ ಜೊತೆಗೇ ಬಂದಿರಬೇಕು ಎಂದು ನನ್ನ ಊಹೆ.

ಬಿಸಿಲು ಇಳಿಯುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಇಮಾಂಬಿ ನೀರು ಹಿಡಿಯಲು ಬರುತ್ತಾರೆ. ಅವರಿಗೆ ನಾನೇ ಹೇಳುತ್ತೇನೆ. ಮರಿಯವ್ವ ಸರಿ ಓದಿದ್ದಳು ಎಂಬುದನ್ನು ಮೊದಲು, ಉಳಿದದ್ದನ್ನು ಆಮೇಲೆ. ಅವರು ಒಪ್ಪದಿದ್ದರೂ ನಾಳೆ ಬಿಸಿಲಡಗಿನಲ್ಲಿ ಸಣ್ಣೀರಪ್ಪನಿಗೆ ಕೂರಲು ಚಾಪೆ ಹಾಸಿರಬೇಕು ಎಂದು ಕೇಳಿಕೊಳ್ಳುತ್ತೇನೆ. ಅವನಿಗೆ ಕಲಿಸುವವಳು ಹುಲಿಗಿ. ಗುರುವಾರ ಅವಳು ಪೂರ್ತಿ ಪುಟ ಓದುತ್ತಾಳೆ, ಒಂದು ಶಬ್ದವನ್ನೂ ತಪ್ಪಿಸದೆ.

ನಾಳೆ ನಸುಕಿಗೆ ಸಣ್ಣೀರಪ್ಪನ ಬಿಲ್ಲೆ ಹಾಕಿಕೊಂಡು ಯಂಕೋಬನ ಕಣಿಗೆ ಇಳಿಯುತ್ತೇನೆ. ಮಾಪಕ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ಹಿಂದೆ ಸರಿಯಿರಿ ಎಂದು ಅದು ಬರೆದರೆ ಒಂದೇ ಸಲ ಓದಿ, ಕಣಿಯ ಬಾಯಿಯ ಕಡೆಗೆ ನಡೆಯುತ್ತೇನೆ.

ನೀಲಗಂಗೆ